ಕಿವಿಯ ಮೇಲಿನ ಮಚ್ಚೆ: ಬಯಾಪ್ಸಿ ರಿಪೋರ್ಟ್ ಹೆದರಿಸುವುದು ಯಾಕೆ?

"ಕಿವಿ ಹಿಂದೆ ಒಂದು ಮಚ್ಚೆ ಇದೆಯಲ್ಲ, ಮೊದಲಿಂದಲೂ ಇತ್ತಾ?" ಕೂದಲು ಕತ್ತರಿಸುವವರು ಕೇಳುತ್ತಾರೆ. ನಮಗೆ ಗೊತ್ತಿರುವುದಿಲ್ಲ. ಕಿವಿಯ ಮಚ್ಚೆಗಳ ವಿಷಯ ಬಹಳ ಸಲ ಹೀಗೇ, ಬೇರೆಯವರ ಕಣ್ಣಿನಿಂದಲೇ ಶುರುವಾಗುತ್ತದೆ. ನಮ್ಮ ಕಿವಿ ನಮಗೆ ಕಾಣುವುದಿಲ್ಲ ಅಲ್ವಾ?

ಆಮೇಲೆ ಡಾಕ್ಟರ್ ನೋಡುತ್ತಾರೆ. ಅನುಮಾನ ಉಳಿಯುವುದು ಬೇಡ ಅಂತ ಮಚ್ಚೆ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕೆಲವು ದಿನಕ್ಕೆ ರಿಪೋರ್ಟ್ ಕೈಗೆ ಬರುತ್ತದೆ. ಅದರಲ್ಲಿ 'ಕಾಂಪೌಂಡ್ ನೀವಸ್, ಮೈಲ್ಡ್ ಏಟಿಪಿಯಾ, ಲ್ಯಾಟರಲ್ ಎಕ್ಸ್‌ಟೆನ್ಷನ್' ಅಂತೆಲ್ಲ ಬರೆದಿರುತ್ತದೆ. ಒಂದೂ ಅರ್ಥವಾಗುವುದಿಲ್ಲ. 'ಏಟಿಪಿಯಾ' ಅಂತ ಮೊಬೈಲಿನಲ್ಲಿ ಹುಡುಕಿದರೆ ಸ್ವಲ್ಪ ಹೊತ್ತಿಗೆ ಕ್ಯಾನ್ಸರ್ ಅನ್ನುವ ಪದ ಕಣ್ಣಿಗೆ ಬೀಳುತ್ತದೆ. ಆವತ್ತು ರಾತ್ರಿ ನಿದ್ದೆ ಇಲ್ಲ.

ಈ ಪದಗಳ ಅರ್ಥ, ಮಚ್ಚೆ ಮೈಮೇಲೆ ಎಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಬೆನ್ನಿನ ಮಚ್ಚೆಯಲ್ಲಿ ಪೆಥಾಲಜಿಸ್ಟ್, ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ಹುಬ್ಬು ಗಂಟಿಕ್ಕುವಂಥ ಚಿತ್ರವೇ ಕಿವಿಯ ಮಚ್ಚೆಯಲ್ಲಿ ಕಂಡರೆ ಎಷ್ಟೋ ಸಲ ಅದು ಆ ಜಾಗದ ಗುಣ, ಅಷ್ಟೇ. ಹೇಗೆ ಅಂತ ಬುಡದಿಂದ ನೋಡೋಣ.

ಮಚ್ಚೆ ಅಂದರೆ ಏನು?

ನಮ್ಮ ಚರ್ಮದಲ್ಲಿ ಎರಡು ಮುಖ್ಯ ಪದರಗಳಿವೆ. ಮೇಲಿನದು ತೆಳು, ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳ ಸಾಲು. ಇದಕ್ಕೆ ಎಪಿಡರ್ಮಿಸ್ ಅಂತ ಹೆಸರು. ಕೆಳಗಿನದು ದಪ್ಪ, ನಾರು ನಾರಾದ ಡರ್ಮಿಸ್. ರಕ್ತನಾಳ, ನರ, ಕೂದಲಿನ ಬುಡ ಎಲ್ಲ ಇರುವುದು ಅಲ್ಲೇ. ಎರಡೂ ಸೇರುವ ಗೆರೆ ನೇರವಾಗಿಲ್ಲ. ಮೇಲಿನ ಪದರ ಬಾಚಣಿಗೆಯ ಹಲ್ಲಿನ ಹಾಗೆ ಕೆಳಕ್ಕೆ ಇಳಿದು ಡರ್ಮಿಸ್ಸಿನೊಳಗೆ ಕೂತಿರುತ್ತದೆ. ಈ ಬಾಚಣಿಗೆ ಹಲ್ಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೇಲಿನ ಪದರದ ತಳದಲ್ಲಿ ಅಲ್ಲೊಂದು ಇಲ್ಲೊಂದು ಮೆಲನೊಸೈಟ್ ಅನ್ನುವ ಕೋಶ ಇರುತ್ತದೆ. ಮೆಲನಿನ್ ಅನ್ನುವ ಕಂದು ಬಣ್ಣ ತಯಾರಿಸುವುದು ಅದರ ಕೆಲಸ. ತಯಾರಿಸಿದ್ದನ್ನು ತನ್ನ ಉದ್ದನೆಯ ಕೈಗಳ ಮೂಲಕ ಸುತ್ತಲಿನ ಸುಮಾರು 36 ಕೋಶಗಳಿಗೆ ಹಂಚುತ್ತದೆ. ಕಪ್ಪು ಚರ್ಮದವರಲ್ಲೂ ಬಿಳಿ ಚರ್ಮದವರಲ್ಲೂ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಅವು ಎಷ್ಟು, ಎಂಥ ಬಣ್ಣ ತಯಾರಿಸುತ್ತವೆ ಅನ್ನುವುದರಲ್ಲಿ.

ಸಾಮಾನ್ಯವಾಗಿ ಈ ಕೋಶಗಳು ಒಂಟಿ ಬಾಳು ಬಾಳುತ್ತವೆ. ಒಂದರ ಪಕ್ಕ ಇನ್ನೊಂದು ಕೂರುವುದಿಲ್ಲ. ಕೆಲವು ಸಲ ಒಂದು ಕೋಶದ ಜೀನ್‌ನಲ್ಲಿ ಸಣ್ಣ ಬದಲಾವಣೆಯಾಗಿ, ಅದು ತನ್ನಂಥದ್ದೇ ಕೋಶಗಳನ್ನು ಹುಟ್ಟಿಸುತ್ತಾ ಹೋಗುತ್ತದೆ. ಅವು ಒಂಟಿಯಾಗಿರದೆ ಗುಂಪು ಕಟ್ಟುತ್ತವೆ. ಈ ಗುಂಪನ್ನು ಪೆಥಾಲಜಿಯಲ್ಲಿ 'ನೆಸ್ಟ್' ಅನ್ನುತ್ತಾರೆ, ಗೂಡು ಅಂತಲೇ ಅರ್ಥ. ಗೂಡುಗಳೆಲ್ಲ ಸೇರಿದ್ದೇ ಮಚ್ಚೆ, ವೈದ್ಯರ ಬಾಯಲ್ಲಿ ನೀವಸ್. ಹುಟ್ಟಿದ ಮೇಲೆ ಬರುವ ಹೆಚ್ಚಿನ ಮಚ್ಚೆಗಳಲ್ಲಿ ಬ್ರಾಫ್ ಅನ್ನುವ ಜೀನ್ ಬದಲಾಗಿರುತ್ತದೆ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲೂ ಎಷ್ಟೋ ಸಲ ಇದೇ ಬದಲಾವಣೆ ಸಿಗುತ್ತದೆ. ಆದರೆ ಮಚ್ಚೆಯ ಕೋಶಗಳು ಸ್ವಲ್ಪ ಬೆಳೆದು ತಾವಾಗಿಯೇ ನಿಂತುಬಿಡುತ್ತವೆ. ವರ್ಷಗಟ್ಟಲೆ ಸುಮ್ನೆ ಕೂರುತ್ತವೆ.

ಗೂಡುಗಳು ಎಲ್ಲಿವೆ ಅನ್ನುವುದರ ಮೇಲೆ ಮಚ್ಚೆಗೆ ಮೂರು ಹೆಸರು. ಎರಡು ಪದರ ಸೇರುವ ಗೆರೆಯಲ್ಲೇ ಇದ್ದರೆ ಜಂಕ್ಷನಲ್. ಇದು ಚಪ್ಪಟೆ, ಕಡು ಬಣ್ಣ. ಅಲ್ಲೂ ಇದ್ದು ಕೆಳಗಿನ ಪದರಕ್ಕೂ ಇಳಿದಿದ್ದರೆ ಕಾಂಪೌಂಡ್. ಇದು ಸ್ವಲ್ಪ ಉಬ್ಬಿರುತ್ತದೆ. ಪೂರ್ತಿ ಕೆಳಗಿನ ಪದರದಲ್ಲೇ ಇದ್ದರೆ ಇಂಟ್ರಾಡರ್ಮಲ್. ಇದು ಗುಂಡಗೆ, ಮೆತ್ತಗೆ, ಬಣ್ಣ ಮಾಸಿ ಎಷ್ಟೋ ಸಲ ಚರ್ಮದ ಬಣ್ಣಕ್ಕೇ ಬಂದಿರುತ್ತದೆ. ಅಂದರೆ ರಿಪೋರ್ಟಿನ 'ಕಾಂಪೌಂಡ್' ಬರೀ ವಿಳಾಸ ಹೇಳುವ ಪದ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಕಿವಿಯ ಚರ್ಮ ಬೇರೆ ಥರ

ಹೊರಕಿವಿ ಅಂದರೆ ಕಣ್ಣಿಗೆ ಕಾಣುವ ಹಾಲೆ ಮತ್ತು ಅಲ್ಲಿಂದ ತಮಟೆಯವರೆಗೆ ಹೋಗುವ ಕೊಳವೆ. ಹಾಲೆಯ ಒಳಗೆ ಬಾಗುವಂಥ ಕಾರ್ಟಿಲೇಜ್, ಅಂದರೆ ಮೆದು ಎಲುಬು ಇದೆ. ಕೆಳಗಿನ ಜೋಲುವ ತುದಿಯಲ್ಲಿ ಮಾತ್ರ ಇಲ್ಲ, ಅಲ್ಲಿರುವುದು ಕೊಬ್ಬು.

ಈಗ ನಿಮ್ಮ ಕಿವಿಯನ್ನೇ ಮುಟ್ಟಿ ನೋಡಿ. ಹಾಲೆಯ ಮುಂಭಾಗದ ಚರ್ಮವನ್ನು ಬೆರಳಲ್ಲಿ ಚಿವುಟಿ ಮೇಲೆತ್ತಲು ಪ್ರಯತ್ನಿಸಿ. ಬರುವುದಿಲ್ಲ. ಹಲಗೆಗೆ ಅಂಟಿಸಿದ ಬಟ್ಟೆಯ ಹಾಗೆ ಕಾರ್ಟಿಲೇಜಿಗೆ ಅಂಟಿಕೊಂಡಿದೆ. ಹಿಂಭಾಗದಲ್ಲಿ ಚಿವುಟಿದರೆ ಸ್ವಲ್ಪ ಸಡಿಲ ಇದೆ. ಬೆನ್ನಿನ ಅಥವಾ ತೊಡೆಯ ಚರ್ಮದ ಕೆಳಗಿರುವ ಕೊಬ್ಬಿನ ಹಾಸಿಗೆ ಇಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇನ್ನೊಂದು, ಕಿವಿಗೆ ಬಿಸಿಲು ಜಾಸ್ತಿ. ಅದರಲ್ಲೂ ಮೇಲಿನ ಸುರುಳಿ ಅಂಚಿಗೆ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವವರು ಕೂಡ ಕಿವಿ ಮರೆಯುತ್ತಾರೆ. ಕೂದಲು ಚಿಕ್ಕದಾಗಿ ಕತ್ತರಿಸುವವರ ಕಿವಿಗೆ ನೆರಳೂ ಇಲ್ಲ. ಕಿವಿಯ ಮೆಲನೋಮಾ ಗಂಡಸರಲ್ಲಿ ಜಾಸ್ತಿ ಕಾಣುವುದಕ್ಕೂ, ಸುರುಳಿ ಅಂಚಿನಲ್ಲಿ ಜಾಸ್ತಿ ಬರುವುದಕ್ಕೂ ಇದನ್ನೇ ಕಾರಣವಾಗಿ ಹೇಳುತ್ತಾರೆ.

ಕಣ್ಣಿಗೆ ಹೇಗೆ ಕಾಣುತ್ತದೆ?

ಕಿವಿಯ ಸಾಧಾರಣ ಮಚ್ಚೆ ಚಿಕ್ಕದು, ಕೆಲವೇ ಮಿಲಿಮೀಟರ್. ಅಂಚು ಸ್ಪಷ್ಟ, ಬಣ್ಣ ಒಂದೇ ಸಮ. ಹಾಲೆಯ ಮುಂದೆ, ಹಿಂದೆ, ಜೋಲುವ ತುದಿಯಲ್ಲಿ, ಮಡಿಕೆಗಳ ಒಳಗೆ, ಎಲ್ಲಿ ಬೇಕಾದರೂ ಇರಬಹುದು. ಮಕ್ಕಳಲ್ಲಿ ಮತ್ತು ಹರೆಯದಲ್ಲಿ ಚಪ್ಪಟೆ ಮಚ್ಚೆಗಳು ಜಾಸ್ತಿ. ವಯಸ್ಸಾದಂತೆ ಅವು ಉಬ್ಬಿ, ಬಣ್ಣ ಕಳೆದುಕೊಂಡು ಮೆತ್ತಗಾಗುತ್ತವೆ. ಮಚ್ಚೆಯ ಮೇಲೆ ಕೂದಲು ಬಂದರೆ ಕೆಲವರು ಗಾಬರಿಯಾಗುತ್ತಾರೆ. ಕೂದಲು ಬರುವುದು ಅಪಾಯದ ಗುರುತಲ್ಲ.

ಕೆಲವು ಮಚ್ಚೆಗಳು ನೀಲಿಯಾಗಿ ಕಾಣುತ್ತವೆ, ಅವಕ್ಕೆ ಬ್ಲೂ ನೀವಸ್ ಅಂತಲೇ ಹೆಸರು. ಅದರೊಳಗೆ ನೀಲಿ ಬಣ್ಣ ಏನೂ ಇಲ್ಲ, ಇರುವುದು ಅದೇ ಕಂದು ಮೆಲನಿನ್. ಆದರೆ ಆಳದಲ್ಲಿದೆ. ದೂರದ ಬೆಟ್ಟ ಹಸಿರಾಗಿದ್ದರೂ ನೀಲಿಯಾಗಿ ಕಾಣುತ್ತದಲ್ಲ, ಇದೂ ಹೆಚ್ಚುಕಮ್ಮಿ ಹಾಗೇ. ಬೆಳಕು ಚರ್ಮದಲ್ಲಿ ಚದುರುವ ರೀತಿಯಿಂದ ನಮ್ಮ ಕಣ್ಣಿಗೆ ನೀಲಿಯೇ ಹೆಚ್ಚಾಗಿ ವಾಪಸ್ ಬರುತ್ತದೆ.

ಚರ್ಮದ ಡಾಕ್ಟರ್ ಡರ್ಮಟೋಸ್ಕೋಪ್ ಅನ್ನುವ ದೀಪವಿರುವ ಭೂತಗನ್ನಡಿಯಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ 10 ಪಟ್ಟು ದೊಡ್ಡದಾಗಿ ಕಾಣುತ್ತದೆ. ಚರ್ಮದ ಮೇಲ್ಮೈ ಹೊಳಪು ಅಡ್ಡ ಬರದೆ ಒಳಗಿನ ಬಣ್ಣದ ಜೋಡಣೆ ಕಾಣುವುದು ಇದರ ಲಾಭ. ಕಿವಿಯ ಮಡಿಕೆಗಳಲ್ಲಿ ಅದರ ಚಪ್ಪಟೆ ಗಾಜು ಸರಿಯಾಗಿ ಕೂರುವುದಿಲ್ಲ, ಡಾಕ್ಟರ್ ಸ್ವಲ್ಪ ಪರದಾಡಬೇಕಾಗುತ್ತದೆ.

ಕಿವಿಯೊಳಗಿನ ಮಚ್ಚೆ

ಕೊಳವೆಯ ಉದ್ದ ಸುಮಾರು 2.5 ಸೆಂಟಿಮೀಟರ್. ಹೊರಗಿನ ಮೂರನೇ ಒಂದು ಭಾಗದಲ್ಲಿ ಕೂದಲಿದೆ, ಗುಗ್ಗೆ ತಯಾರಿಸುವ ಗ್ರಂಥಿಗಳಿವೆ. ಒಳಗಿನ ಭಾಗ ಮೂಳೆ, ಅದರ ಮೇಲೆ ಬಹಳ ತೆಳುವಾದ ಚರ್ಮ. ಮಚ್ಚೆ ಬಂದರೆ ಬಹುಪಾಲು ಹೊರಗಿನ ಭಾಗದಲ್ಲೇ. ನುಣ್ಣಗೆ, ಗುಮ್ಮಟದ ಹಾಗೆ ಉಬ್ಬಿರುವ ಇಂಟ್ರಾಡರ್ಮಲ್ ಜಾತಿಯದೇ ಹೆಚ್ಚು.

ಇಂಥ ಮಚ್ಚೆ ಹಲವು ವರ್ಷ ಯಾರಿಗೂ ಗೊತ್ತಾಗದೇ ಇರುತ್ತದೆ. ಯಾವುದೋ ಕಾರಣಕ್ಕೆ ಇ.ಎನ್.ಟಿ. ಡಾಕ್ಟರ್ ಹತ್ತಿರ ಹೋದಾಗ, ಟಾರ್ಚಿನ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ. ದೊಡ್ಡದಾದರೆ ದಾರಿಗೆ ಅಡ್ಡ ನಿಲ್ಲುತ್ತದೆ. ಆಗ ಗುಗ್ಗೆ ಹಿಂದೆ ಕಟ್ಟಿಕೊಳ್ಳುತ್ತದೆ, ಕಿವಿ ಮುಚ್ಚಿದ ಹಾಗೆ ಅನ್ನಿಸುತ್ತದೆ, ಕೇಳುವುದು ಮಂದವಾಗುತ್ತದೆ, ಕೆಲವರಿಗೆ ತುರಿಕೆ. ತೆಗೆಯಬೇಕಾಗಿ ಬಂದರೆ ಸಾಮಾನ್ಯವಾಗಿ ಕೊಳವೆಯ ಮೂಲಕವೇ ತೆಗೆಯುತ್ತಾರೆ. ಕೊಳವೆಯ ಸುತ್ತಲೂ ಗಾಯವಾದರೆ ಮಾಗುವಾಗ ಅದು ಕಿರಿದಾಗಬಹುದು, ಹಾಗಾಗಿ ಕೈ ಹುಷಾರಾಗಿರಬೇಕು. ಬಡ್ಸ್ ಅಥವಾ ಪಿನ್ನಿನಿಂದ ಕೆರೆಯುವವರು ಅಲ್ಲಿ ರಕ್ತ ಬರಿಸಿಕೊಂಡು, ಮಚ್ಚೆಯೇ ಕೆಟ್ಟಿತು ಅಂದುಕೊಂಡು ಓಡಿ ಬರುವುದೂ ಉಂಟು.

ಸ್ಲೈಡಿನ ಮೇಲೆ ಏನು ಕಾಣುತ್ತದೆ?

ತೆಗೆದ ಮಚ್ಚೆ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವದ ಡಬ್ಬಿಯಲ್ಲಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮೀಟರಿನ ಹತ್ತು ಲಕ್ಷದ 4ರಿಂದ 5 ಭಾಗದಷ್ಟು ತೆಳುವಾಗಿ ಹೆರೆದು, ಗಾಜಿನ ಮೇಲೆ ಇಟ್ಟು ಬಣ್ಣ ಹಾಕುತ್ತಾರೆ. ಕೋಶದ ನಡುಬೊಟ್ಟು, ಅಂದರೆ ನ್ಯೂಕ್ಲಿಯಸ್, ನೇರಳೆ ಆಗುತ್ತದೆ. ಉಳಿದದ್ದು ಗುಲಾಬಿ.

ಬೆನ್ನಿನ ಒಂದು ಸಭ್ಯ ಮಚ್ಚೆಯನ್ನು ಹೀಗೆ ನೋಡಿದರೆ ಎಲ್ಲ ಅಚ್ಚುಕಟ್ಟು. ಗೂಡುಗಳು ಬಾಚಣಿಗೆ ಹಲ್ಲುಗಳ ತುದಿಯಲ್ಲಿ, ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ, ಒಂದೇ ಅಂತರದಲ್ಲಿ ಕೂತಿರುತ್ತವೆ. ಅಂಚಿಗೆ ಬಂದರೆ ಕೊನೆಯ ಗೂಡು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಬಹುದು.

ಕಿವಿಯ ಮಚ್ಚೆ ಅಷ್ಟು ಶಿಸ್ತಿನದಲ್ಲ. ಗೂಡುಗಳ ಗಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಹಲ್ಲಿನ ತುದಿಯಲ್ಲಿ ಕೂರುವ ಬದಲು ಕೆಲವು ಪಕ್ಕಕ್ಕೆ ಜಾರಿರುತ್ತವೆ. ಪಕ್ಕಪಕ್ಕದ ಎರಡು ಹಲ್ಲುಗಳ ಗೂಡುಗಳು ಕೈ ಚಾಚಿ ಒಂದಾಗಿ ಸೇತುವೆ ಕಟ್ಟಿರುತ್ತವೆ. ರಿಪೋರ್ಟಿನಲ್ಲಿ 'ಬ್ರಿಡ್ಜಿಂಗ್' ಅಂದರೆ ಇದೇ. ಹಲ್ಲುಗಳೇ ಉದ್ದವಾಗಿರಬಹುದು. ಕೆಳಗಿನ ಪದರದಲ್ಲಿ ಮಚ್ಚೆ ಮುಗಿದ ಮೇಲೂ ಮೇಲಿನ ಗೆರೆಯಲ್ಲಿ ಕೋಶಗಳು ಅಕ್ಕಪಕ್ಕಕ್ಕೆ ಹರಡಿರುತ್ತವೆ. ಕೊಡೆಯ ಹಿಡಿಯ ಅಗಲ ಮುಗಿದರೂ ಬಟ್ಟೆ ಆಚೆಗೆ ಚಾಚಿರುತ್ತದಲ್ಲ, ಹಾಗೆ. 'ಲ್ಯಾಟರಲ್ ಎಕ್ಸ್‌ಟೆನ್ಷನ್' ಅಂದರೆ ಇದು. ಹೀಗಾಗಿ ಅಂಚು ಎಲ್ಲಿ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಕೆಲವು ಕೋಶಗಳ ನ್ಯೂಕ್ಲಿಯಸ್ ಸ್ವಲ್ಪ ದಪ್ಪ, ಆಕಾರ ಸ್ವಲ್ಪ ವಕ್ರ. ಅದೇ 'ಏಟಿಪಿಯಾ'. ಮಾಮೂಲಿ ಥರ ಇಲ್ಲ ಅನ್ನುವುದಷ್ಟೇ ಆ ಪದದ ಅರ್ಥ. ಅಪರೂಪಕ್ಕೆ ಒಂದೆರಡು ಕೋಶ ತಳ ಬಿಟ್ಟು ಮೇಲಕ್ಕೂ ಹತ್ತಿರುತ್ತವೆ.

ಈ ಗುಣಗಳಲ್ಲಿ ಹೆಚ್ಚಿನವು 'ಡಿಸ್‌ಪ್ಲಾಸ್ಟಿಕ್ ನೀವಸ್' ಅನ್ನುವ ಅಡ್ಡಾದಿಡ್ಡಿ ಮಚ್ಚೆಯಲ್ಲೂ ಇವೆ, ಕೆಲವು ಮೆಲನೋಮಾದಲ್ಲೂ ಇವೆ. ತೊಡಕು ಇರುವುದು ಇಲ್ಲೇ. ಆದರೆ ಕಿವಿಯ ಮೇಲಿನ ಮತ್ತು ಸುತ್ತಮುತ್ತಲಿನ ಮಚ್ಚೆಗಳನ್ನು ರಾಶಿ ಹಾಕಿ ನೋಡಿದಾಗ, ಯಾವ ತೊಂದರೆಯೂ ಕೊಡದವುಗಳಲ್ಲೂ ಈ ಚಿತ್ರ ಮತ್ತೆ ಮತ್ತೆ ಸಿಕ್ಕಿತು. ಅದಕ್ಕೇ ಪೆಥಾಲಜಿಯಲ್ಲಿ 'ವಿಶೇಷ ಜಾಗದ ಮಚ್ಚೆಗಳು' ಅನ್ನುವ ಪಟ್ಟಿ ಇದೆ. ಕಿವಿ, ನೆತ್ತಿ, ಸ್ತನ, ಹೊಕ್ಕಳು, ಕಂಕುಳು, ತೊಡೆಸಂದು, ಜನನಾಂಗ, ಅಂಗೈ, ಅಂಗಾಲು ಅದರಲ್ಲಿ ಬರುತ್ತವೆ. ಇಲ್ಲಿನ ಮಚ್ಚೆಗಳು ಹುಟ್ಟಾ ಸ್ವಲ್ಪ ಒರಟು. ಅವನ್ನು ಬೆನ್ನಿನ ಮಚ್ಚೆಯ ಅಳತೆಗೋಲಿನಲ್ಲಿ ಅಳೆದರೆ ನಿರಪರಾಧಿಗೆ ಶಿಕ್ಷೆ ಆದ ಹಾಗೆ.

ಹಾಗಾದರೆ ಕಿವಿಯದು ಅಂದ ಕೂಡಲೇ ಎಲ್ಲವನ್ನೂ ಮಾಫಿ ಮಾಡುವುದೇ? ಅದು ಇನ್ನೂ ದೊಡ್ಡ ತಪ್ಪು. ಪೆಥಾಲಜಿಸ್ಟ್ ಸಮಾಧಾನ ಪಡುವುದು ಬೇರೆ ಗುರುತುಗಳಿಂದ. ಮಚ್ಚೆ ಚಿಕ್ಕದಾಗಿದೆಯೇ, ಎಡ ಬಲ ಒಂದೇ ಥರ ಇದೆಯೇ ಅಂತ ನೋಡುತ್ತಾರೆ. ಇನ್ನೂ ಮುಖ್ಯವಾದದ್ದು ಕೋಶಗಳು ಆಳಕ್ಕೆ ಇಳಿದಂತೆ ಚಿಕ್ಕದಾಗುತ್ತಾ, ಶಾಂತವಾಗುತ್ತಾ ಹೋಗಿವೆಯೇ ಅನ್ನುವುದು. ಇದಕ್ಕೆ 'ಮೆಚ್ಯುರೇಷನ್' ಅನ್ನುತ್ತಾರೆ. ಹಳೆಯ ಮಚ್ಚೆಗಳ ತಳದಲ್ಲಿ ಕೋಶಗಳು ನರದ ಎಳೆಗಳ ಹಾಗೆ ತೆಳ್ಳಗಾಗಿರುವುದೂ ಉಂಟು. ಅವುಗಳ ಮೂಲ ನೋಡಿದರೆ ಅದು ಸಹಜವೇ. ಗರ್ಭದಲ್ಲಿ ಮೆಲನೊಸೈಟ್‌ಗಳು ಹುಟ್ಟುವುದು ನರಗಳ ಕೋಶಗಳು ಹುಟ್ಟುವ ಜಾಗದಲ್ಲೇ. ಮೆಲನೋಮಾದಲ್ಲಿ ಸಾಮಾನ್ಯವಾಗಿ ಈ ಶಾಂತವಾಗುವಿಕೆ ಇರುವುದಿಲ್ಲ. ಆಳದಲ್ಲೂ ಕೋಶಗಳು ದಪ್ಪಗೆ, ಉದ್ರೇಕದಲ್ಲಿ, ಒಡೆದು ಎರಡಾಗುತ್ತಲೇ ಇರುತ್ತವೆ. ಮೇಲಕ್ಕೆ ಹತ್ತಿದ ಒಂಟಿ ಕೋಶಗಳೂ ಒಂದೆರಡಲ್ಲ, ಅಂಚಿನವರೆಗೂ ಚೆಲ್ಲಾಡಿರುತ್ತವೆ.

ವಯಸ್ಸೂ ಬೇಕು. ಇಪ್ಪತ್ತು ವರ್ಷದವರ ಕಿವಿಯಲ್ಲಿ ಸ್ವಲ್ಪ ಹರಡಿದ ಗೂಡುಗಳು ಒಂದು ಮಾತು. ಎಪ್ಪತ್ತು ವರ್ಷದವರ, ಬಿಸಿಲಿಗೆ ಬೆಂದು ನಾರೆಲ್ಲ ಹಾಳಾದ ಚರ್ಮದಲ್ಲಿ ಅದೇ ಥರದ್ದು ಹೊಸದಾಗಿ ಕಂಡರೆ, ಅದು ನಿಧಾನಕ್ಕೆ ಹಬ್ಬುವ ಮೆಲನೋಮಾದ ಶುರು ಇರಬಹುದಾ ಅಂತ ಎರಡೆರಡು ಸಲ ನೋಡಲೇಬೇಕು.

ಆಗಲೂ ತೀರ್ಮಾನ ಆಗದಿದ್ದರೆ ವಿಶೇಷ ಬಣ್ಣಗಳಿವೆ. ಎಸ್-100, ಸಾಕ್ಸ್-10, ಮೆಲಾನ್-ಎ ಅನ್ನುವವು 'ಇದು ಮೆಲನೊಸೈಟ್ ಜಾತಿಯ ಕೋಶವೇ' ಅಂತ ಹೇಳುತ್ತವೆ, ಒಳ್ಳೆಯದೋ ಕೆಟ್ಟದೋ ಅಂತ ಅಲ್ಲ. ಕೆಐ-67 ಎಷ್ಟು ಕೋಶಗಳು ವಿಭಜನೆಯ ತಯಾರಿಯಲ್ಲಿವೆ ಅಂತ ಎಣಿಸುತ್ತದೆ. ಮಚ್ಚೆಯಲ್ಲಿ ಈ ಎಣಿಕೆ ಬಹಳ ಕಡಿಮೆ. ಎಚ್‌ಎಂಬಿ-45 ಸಾಮಾನ್ಯ ಮಚ್ಚೆಯ ಮೇಲ್ಭಾಗದಲ್ಲಿ ಹಿಡಿದು ಆಳದಲ್ಲಿ ಬಿಡುತ್ತದೆ. ಈಚೆಗೆ ಬಂದ ಪ್ರೇಮ್ ಅನ್ನುವ ಗುರುತು ಮೆಲನೋಮಾದಲ್ಲಿ ಹೆಚ್ಚಾಗಿ ಎಲ್ಲ ಕಡೆ ಹಿಡಿಯುತ್ತದೆ, ಮಚ್ಚೆಯಲ್ಲಿ ಹೆಚ್ಚಾಗಿ ಹಿಡಿಯುವುದಿಲ್ಲ. 'ಹೆಚ್ಚಾಗಿ' ಅನ್ನುವುದನ್ನು ಬೇಕಂತಲೇ ಎರಡು ಸಲ ಬರೆದಿದ್ದೇನೆ. ಒಂದೇ ಬಣ್ಣ ನೋಡಿ ಯಾರೂ ತೀರ್ಪು ಕೊಡುವುದಿಲ್ಲ.

ಮಚ್ಚೆ ಅಂದುಕೊಂಡದ್ದು ಮಚ್ಚೆ ಅಲ್ಲದಿದ್ದರೆ?

ಕಿವಿಯಲ್ಲಿ ವೇಷ ಹಾಕುವವು ಬಹಳ. ಕಿವಿಯ ಬಟ್ಟಲಿನಂಥ ತಗ್ಗಿನಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಕೊಳೆ ಕಟ್ಟಿದ ದೊಡ್ಡ ಬ್ಲ್ಯಾಕ್‌ಹೆಡ್ ಇರಬಹುದು. ವಯಸ್ಸಾದವರ ಸುರುಳಿ ಅಂಚಿನಲ್ಲಿ ಕಡು ನೇರಳೆ ಬೊಟ್ಟು, ಒತ್ತಿದರೆ ಖಾಲಿಯಾಗಿ ಬಿಟ್ಟರೆ ತುಂಬಿಕೊಳ್ಳುತ್ತದೆ ಅಂದರೆ ಅದು ಹಿಗ್ಗಿದ ರಕ್ತನಾಳ. ಮೇಣ ಮೆತ್ತಿದ ಹಾಗೆ ಒರಟಾಗಿ ಅಂಟಿಕೊಂಡಿರುವುದು ವಯಸ್ಸಿನ ಜೊತೆ ಬರುವ ಸೆಬೊರಿಕ್ ಕೆರಟೋಸಿಸ್, ಅಪಾಯವಿಲ್ಲ. ಅದೇ ಸುರುಳಿ ಅಂಚಿನಲ್ಲಿ ಆ ಪಕ್ಕಕ್ಕೆ ಮಲಗಿದರೆ ನೋಯುವ ಸಣ್ಣ ಗಟ್ಟಿ ಗಂಟು ಇದ್ದರೆ ಅದು ಕಾರ್ಟಿಲೇಜಿನ ಉರಿಯೂತ. ಕಿವಿಯ ಮುಂದೆ ಹುಟ್ಟಿನಿಂದಲೇ ಇರುವ ತೊಟ್ಟಿನಂಥದ್ದು ಮಚ್ಚೆಯಲ್ಲ, ಹಾಲೆ ರೂಪುಗೊಳ್ಳುವಾಗ ಉಳಿದ ತುಣುಕು. ಇವುಗಳ ನಡುವೆ ಒಂದನ್ನು ಮಾತ್ರ ಬಿಡುವಂತಿಲ್ಲ. ಮುತ್ತಿನಂತೆ ಹೊಳೆಯುವ ಅಂಚಿದ್ದು, ಕಪ್ಪು ಬಣ್ಣವೂ ಸೇರಿ, ಮತ್ತೆ ಮತ್ತೆ ಹಕ್ಕಳೆ ಕಟ್ಟಿ ಉದುರಿಯೂ ಮಾಗದ ಗಾಯ ಬೇಸಲ್ ಸೆಲ್ ಕ್ಯಾನ್ಸರ್ ಇರಬಹುದು.

ಯಾವಾಗ ತೋರಿಸಬೇಕು?

ಮೆಲನೋಮಾದ ಅನುಮಾನ ಹುಟ್ಟಿಸುವ ಗುರುತುಗಳಿಗೆ 1985ರಿಂದ ಬಳಕೆಯಲ್ಲಿರುವ ಒಂದು ಸೂತ್ರ ಇದೆ: ಎ, ಬಿ, ಸಿ, ಡಿ. ಇವು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು. ಎಡಬಲ ಹೊಂದದ ಆಕಾರ, ಹರಿದಂಥ ಅಂಚು, ಹಲವು ಬಣ್ಣ, 6 ಮಿಲಿಮೀಟರ್‌ಗಿಂತ ಹೆಚ್ಚಿನ ಅಗಲ. 2004ರಲ್ಲಿ ಇದಕ್ಕೆ 'ಇ' ಸೇರಿತು, ಅಂದರೆ ಬದಲಾವಣೆ. ನನ್ನ ಮಟ್ಟಿಗೆ ಕಿವಿಗೆ ಹೆಚ್ಚು ಉಪಯೋಗ ಈ ಕೊನೆಯದೇ. ಇಷ್ಟು ವರ್ಷ ಒಂದೇ ಥರ ಇದ್ದದ್ದು ತಿಂಗಳುಗಳಲ್ಲಿ ಬೆಳೆದರೆ, ಬಣ್ಣ ಬದಲಿಸಿದರೆ, ತಾನಾಗಿ ರಕ್ತ ಸುರಿಸಿದರೆ ತೋರಿಸಬೇಕು. ಮಧ್ಯವಯಸ್ಸು ದಾಟಿದ ಮೇಲೆ ಹೊಸದಾಗಿ ಬಂದದ್ದನ್ನೂ ತೋರಿಸಬೇಕು. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಕಡಿಮೆ. ಬಂದರೂ ಅಂಗಾಲು, ಅಂಗೈ, ಉಗುರಿನಡಿ ಜಾಸ್ತಿ. ಹಾಗಂತ ಕಿವಿಯಲ್ಲಿ ಬದಲಾಗುತ್ತಿರುವ ಮಚ್ಚೆಯನ್ನು ಬಿಡಬೇಕು ಅಂತಲ್ಲ.

ಬದಲಾಗಿದೆಯೋ ಇಲ್ಲವೋ ತಿಳಿಯಲು ಮೊದಲು ಹೇಗಿತ್ತು ಅಂತ ಗೊತ್ತಿರಬೇಕು. ಮನೆಯಲ್ಲಿ ಯಾರಿಗಾದರೂ ಹೇಳಿ ಹಗಲು ಬೆಳಕಿನಲ್ಲಿ ಎರಡೂ ಕಿವಿಯ ಮುಂದೆ, ಹಿಂದೆ ಫೋಟೋ ತೆಗೆಸಿ. ಹಾಲೆಯನ್ನು ಮುಂದಕ್ಕೆ ಮಡಚಿ ಹಿಡಿದರೆ ಹಿಂಭಾಗ ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇದ್ದರೆ ಇನ್ನೂ ಒಳ್ಳೆಯದು.

ತೆಗೆಸುವುದಾದರೆ

ಅನುಮಾನದ ಮಚ್ಚೆಯನ್ನು ಸುತ್ತ ಸ್ವಲ್ಪ ಒಳ್ಳೆಯ ಚರ್ಮದ ಸಮೇತ ಪೂರ್ತಿ ತೆಗೆಯುವುದು ವಾಡಿಕೆ. ಬರೀ ತುಣುಕು ಕಳಿಸಿದರೆ ಎಡಬಲ ಹೊಂದಿದೆಯೇ, ಅಂಚು ಹೇಗಿದೆ, ಆಳದಲ್ಲಿ ಏನಾಗಿದೆ ಅನ್ನುವುದು ಪೆಥಾಲಜಿಸ್ಟ್‌ಗೆ ಕಾಣುವುದಿಲ್ಲ. ಕಿವಿಯಲ್ಲಂತೂ ಕಾಣಬೇಕಾದದ್ದು ಇವೇ. ಸಡಿಲ ಚರ್ಮ ಇಲ್ಲದ ಮುಂಭಾಗದಲ್ಲಿ ಗಾಯದ ಬಾಯಿ ಎಳೆದು ಹೊಲಿಯುವುದು ಕಷ್ಟ, ಕೆಲವು ಸಲ ಬೇರೆ ಕಡೆಯಿಂದ ಚರ್ಮ ತಂದು ಮುಚ್ಚಬೇಕಾಗುತ್ತದೆ. ಲೇಸರ್‌ನಲ್ಲಿ ಸುಟ್ಟರೆ, ದಾರ ಕಟ್ಟಿ ಉದುರಿಸಿದರೆ, ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ಲ್ಯಾಬಿನ ಫಾರ್ಮಿನಲ್ಲಿ 'ಚರ್ಮ, ಮಚ್ಚೆ' ಅಂತ ಎರಡೇ ಪದ ಬರೆದು ಕಳಿಸಿದ್ದರೆ, ಮೈಕ್ರೋಸ್ಕೋಪ್ ಮುಂದೆ ಕೂತವರಿಗೆ ಅದು ಬೆನ್ನೋ ಕಿವಿಯೋ ಗೊತ್ತಾಗುವುದು ಕಷ್ಟ. ಯಾವ ಕಿವಿ, ಹಾಲೆಯ ಯಾವ ಭಾಗ, ವಯಸ್ಸೆಷ್ಟು, ಎಷ್ಟು ದಿನದಿಂದ ಇದೆ, ಬದಲಾಗಿದೆಯಾ ಅಂತ ಬರೆದಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ರಿಪೋರ್ಟ್ ಬಂದಾಗ ಮೂರು ವಿಷಯ ಓದಿ. ಕೊನೆಯಲ್ಲಿ ಬರೆದ ರೋಗದ ಹೆಸರು ಏನು? ಏಟಿಪಿಯಾ ಇದ್ದರೆ ಮೈಲ್ಡೋ ಸಿವಿಯರ್ರೋ? ಕತ್ತರಿಸಿದ ಅಂಚಿನಲ್ಲಿ ಮಚ್ಚೆಯ ಕೋಶ ಉಳಿದಿದೆಯಾ? ಸಿವಿಯರ್ ಅಂತಿದ್ದರೆ, ಅಥವಾ ವಾಕ್ಯಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದರೆ, ಅದೇ ಸ್ಲೈಡನ್ನು ಚರ್ಮದ ಪೆಥಾಲಜಿಯಲ್ಲೇ ಪಳಗಿದ ಇನ್ನೊಬ್ಬರಿಗೆ ತೋರಿಸಬಹುದು. ಹೊಸದಾಗಿ ಕತ್ತರಿಸಬೇಕಾಗಿಲ್ಲ, ಮೇಣದ ಅಚ್ಚು ಲ್ಯಾಬಿನಲ್ಲಿ ಇರುತ್ತದೆ.

ಆ ರಿಪೋರ್ಟನ್ನು ಬಿಸಾಡಬೇಡಿ. ಪೂರ್ತಿ ಹೋಗದೆ ಉಳಿದ ಮಚ್ಚೆ ಕೆಲವು ವಾರ, ತಿಂಗಳಲ್ಲಿ ಗಾಯದ ಕಲೆಯೊಳಗೇ ಮತ್ತೆ ಕಾಣಿಸಿಕೊಳ್ಳಬಹುದು. ಹಾಗೆ ಮರಳಿ ಬಂದದ್ದು ಬಣ್ಣ ಚೆಲ್ಲಾಪಿಲ್ಲಿಯಾಗಿ, ಸ್ಲೈಡಿನಲ್ಲೂ ಕೋಶಗಳು ಅಸ್ತವ್ಯಸ್ತವಾಗಿ, ಥೇಟ್ ಮೆಲನೋಮಾದ ಹಾಗೆ ಕಾಣಬಹುದು. ಮೊದಲ ಸಲ ಏನಿತ್ತು ಅನ್ನುವ ಕಾಗದ ಮುಂದಿದ್ದರೆ ಎರಡನೇ ಪೆಥಾಲಜಿಸ್ಟ್ ದಾರಿ ತಪ್ಪುವುದಿಲ್ಲ.